ಯಾರ ಮನೆಯ ಹುಡುಗ

ನಾವು ಕರಾವಳಿಯವರು ದೋಹಾದಲ್ಲಿ ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳುವುದು ಹೆಸರಲ್ಲ. ಊರು ಯಾವುದು, ಊರಲ್ಲಿ ಎಲ್ಲಿ, ಯಾರ ಮನೆ. ಈ ಮೂರಕ್ಕೆ ಉತ್ತರ ಸಿಕ್ಕಿತೋ, ನಾಲ್ಕನೆಯದು ತಾನಾಗಿ ಬರುತ್ತದೆ: "ಹಾಗಾದ್ರೆ ನಿಮಗೆ ಇಂಥವರು ಗೊತ್ತಿರ್ಬೇಕಲ್ಲ?" ಗೊತ್ತೇ ಇರುತ್ತಾರೆ. ಇಲ್ಲದಿದ್ದರೆ ಅವರನ್ನು ಬಲ್ಲವರಾದರೂ ಗೊತ್ತಿರುತ್ತಾರೆ. ನನಗೆ ಈ ಚಟ ತುಸು ಹೆಚ್ಚೇ. ಲಿಫ್ಟಿನಲ್ಲಿ, ಮೀನಿನ ಅಂಗಡಿಯಲ್ಲಿ, ಇಲ್ಲಿ ರಜಾದಿನವಾದ ಶುಕ್ರವಾರದ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ, ಎಲ್ಲೆಂದರಲ್ಲಿ ಶುರು. "ನಿನ್ನನ್ನು ಏರ್‌ಪೋರ್ಟಿನ ಇಮಿಗ್ರೇಶನ್ ಕೌಂಟರಿನಲ್ಲಿ ಕೂರಿಸಬೇಕಿತ್ತು" ಎಂದು ನನ್ನ ಗಂಡ ಗೇಲಿ ಮಾಡುತ್ತಾರೆ. ಗೇಲಿ ಮಾಡಿದರೂ ಆ ಪ್ರಶ್ನೆಯಿಂದ ನಮಗೆ ಮನೆ ಸಿಕ್ಕಿದೆ, ಮಗಳಿಗೆ ಕನ್ನಡ ಹೇಳಿಕೊಡುವವರು ಸಿಕ್ಕಿದ್ದಾರೆ, ಒಳ್ಳೆಯ ಕುಚಲಕ್ಕಿಯೂ ಸಿಕ್ಕಿದೆ.

ಅದೇ ಪ್ರಶ್ನೆಯನ್ನು ನಾನು ಒಬ್ಬ ಕೈದಿಗೂ ಕೇಳಿದೆ. ಕೇಳಬಾರದಿತ್ತು. ಅದರಿಂದ ಅವನಿಗೆ ಏನಾಯಿತು, ಆಮೇಲೆ ನಾನೇನು ಮಾಡಿದೆ ಅನ್ನುವುದನ್ನು ಬರೆಯಲು ಕೂತಿದ್ದೇನೆ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ.

ನಾನು ಮನಶ್ಶಾಸ್ತ್ರಜ್ಞೆ. ಮದ್ದು ಬರೆಯುವವಳಲ್ಲ, ಮಾತಾಡಿಸುವವಳು, ಪರೀಕ್ಷೆ ಮಾಡುವವಳು. ಕ್ರಿಮಿನಲ್ ಕೇಸುಗಳಲ್ಲಿ ಕೆಲವೊಮ್ಮೆ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ: ಈ ಮನುಷ್ಯನಿಗೆ ತಾನು ಮಾಡಿದ್ದರ ಅರಿವು ಇತ್ತೇ, ಅಥವಾ ಆಗ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲವೇ? ಆಗ ಅವನನ್ನು ನಮ್ಮಲ್ಲಿಗೆ ಕಳುಹಿಸುತ್ತಾರೆ. ವರದಿಗೆ ಸಹಿ ಹಾಕುವವರು ನಮ್ಮ ಹಿರಿಯ ಮನೋವೈದ್ಯರು. ಸುಡಾನಿನವರು, ನಿಧಾನದ ಮನುಷ್ಯ, ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತಾದರೂ ಕಾಯುವವರು. ಆದರೆ ಅವರಿಗೆ ತಿಳಿಯದ ಭಾಷೆಯವರು ಬಂದರೆ ಬಹುಪಾಲು ಕೆಲಸ ನನ್ನದೇ. ತುಳು, ಕೊಂಕಣಿ, ಕನ್ನಡ, ಹಿಂದಿ, ಸಾಕಷ್ಟು ಮಲಯಾಳ ನನ್ನ ಬಾಯಲ್ಲಿವೆ. "ನನ್ನ ಕಿವಿ ನೀನು" ಎಂದು ಡಾಕ್ಟರು ಹೇಳುತ್ತಿದ್ದರು. ಆ ಮಾತು ಕೇಳಿ ನಾನು ಉಬ್ಬಿದ್ದೂ ಉಂಟು.

ಆ ಹುಡುಗ ಬಂದದ್ದು ಚಳಿಗಾಲದಲ್ಲಿ. ಹುಡುಗ ಅನ್ನುತ್ತಿದ್ದೇನೆ, ಮೂವತ್ತರ ಹತ್ತಿರದವನು. ದೋಹಾದ ಮದೀನತ್ ಖಲೀಫಾ ಬಡಾವಣೆಯ ಒಂದು ಲಾಂಡ್ರಿಯಲ್ಲಿ ವ್ಯಾನ್ ಡ್ರೈವರ್. ವಾರಕ್ಕೆ ಎರಡು ಸಲ ದೂರದ ದುಖಾನ್ ಪಟ್ಟಣದವರೆಗೆ ಹೋಗಿ ಅಲ್ಲಿನ ಮನೆಗಳ ಬಟ್ಟೆ ತರುವುದು, ಒಗೆದದ್ದನ್ನು ಕೊಟ್ಟು ಬರುವುದು. ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಕೇರಳದವನೊಬ್ಬ ಅವನ ರೂಮ್‌ಮೇಟ್. ಒಂದು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಇವನು ಇನ್ನೂ ಬಿಸಿಯಾಗದಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಆ ರೂಮ್‌ಮೇಟನ ಮುಖಕ್ಕೆ ಹೊಡೆದಿದ್ದ. ಒಂದು ಕಣ್ಣು ಹೋಯಿತು. ಪೊಲೀಸರು ಬರುವವರೆಗೂ ಇವನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದನಂತೆ, ಓಡಲಿಲ್ಲ. ಓಡದಿದ್ದದ್ದೇ ನ್ಯಾಯಾಧೀಶರಿಗೆ ವಿಚಿತ್ರವಾಗಿ ಕಂಡಿತ್ತು.

ಡಾಕ್ಟರು ಅವನಿಗೆ ಬರುತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಿಸಿ ಎದ್ದು ಹೋದರು. ಬಾಗಿಲ ಹೊರಗೆ ಕಾವಲಿನವನು. ಒಳಗೆ ನಾನು, ಅವನು, ನಡುವೆ ಒಂದು ಮೇಜು. ನಾನು ತುಳುವಿನಲ್ಲಿ ಶುರು ಮಾಡಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

"ಊರು ಎಲ್ಲಿ ಆಯ್ತು ನಿಮ್ಮದು?"

ಅವನು ಥಟ್ಟನೆ ತಲೆ ಎತ್ತಿದ. ಬಂಧನವಾದ ಎರಡು ತಿಂಗಳಿಂದ ಅವನ ಭಾಷೆ ಅವನ ಕಿವಿಗೆ ಬಿದ್ದಿರಲಿಲ್ಲ. ಮುಖ ಸಡಿಲವಾಯಿತು, ಬಾಯಿ ತೆರೆದ. ಆ ಕ್ಷಣ ಅವನು ಏನನ್ನೋ ಹೇಳಲು ಹೊರಟಿದ್ದ ಎಂದು ಈಗ ನನಗೆ ಖಂಡಿತವಾಗಿ ಅನ್ನಿಸುತ್ತದೆ. ಅವನು ಊರಿನ ಹೆಸರು ಹೇಳಿದ. ನನ್ನ ಗಂಡನ ಮನೆಯ ಪಕ್ಕದ ಊರು! ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ನಾನಾಗುವುದು ಹೇಗೆ?

"ಹೊಳೆ ಬದಿಯ ಶಾಲೆ ಗೊತ್ತುಂಟಲ್ಲ? ಅದರ ಹೆಡ್ ಟೀಚರ್ ನನ್ನ ಅತ್ತಿಗೆ."

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ನನ್ನ ತಂಗಿ ಅದೇ ಶಾಲೆಯಲ್ಲಿ, ಅಕ್ಕ. ಕನ್ನಡಕ್ಕೆ ಗೆಸ್ಟ್ ಟೀಚರ್."

"ಆಯ್ತಲ್ಲ ಮತ್ತೆ! ನಾವು ಒಂದೇ ಮನೆಯವರ ಹಾಗೆ. ಎಂತದೂ ಹೆದರಬೇಡ ಮಾರಾಯ, ಎಲ್ಲ ಬಿಡಿಸಿ ಹೇಳು."

ಅವನು ತಲೆಯಾಡಿಸಿದ. ಅಲ್ಲಿಂದ ಮುಂದೆ ಅವನಷ್ಟು ಅಚ್ಚುಕಟ್ಟಾಗಿ ಉತ್ತರಿಸಿದ ಆರೋಪಿಯನ್ನು ನಾನು ಕಂಡಿಲ್ಲ. ದಿನ, ವಾರ, ತಿಂಗಳು ಎಲ್ಲ ಸರಿ. ನೂರರಿಂದ ಏಳೇಳು ಕಳೆಯುತ್ತ ಹೋಗು ಅಂದರೆ ನನಗಿಂತ ಬೇಗ ಕಳೆದ. ಯಾಕೆ ಹೊಡೆದೆ ಅಂದರೆ, "ಅಡಿಗೆ ವಿಷಯ ಅಕ್ಕ. ಅಡಿಗೆ ಅವನದ್ದು, ಪಾತ್ರೆ ತೊಳೆಯುವುದು ನನ್ನದು. ದಿನಾ ಕಿರಿಕಿರಿ. ಆ ದಿನ ಸಿಟ್ಟು ತಡೀಲಿಕ್ಕೆ ಆಗಲಿಲ್ಲ" ಎಂದ. ಗಲ್ಫಿನ ರೂಮುಗಳಲ್ಲಿ ಸಾಂಬಾರಿನ ಉಪ್ಪಿಗೆ ಕೈಕೈ ಮಿಲಾಯಿಸಿದವರನ್ನು ನಾನು ಬೇಕಾದಷ್ಟು ಬಲ್ಲೆ. ನಂಬಿದೆ.

"ಮೊದಲು ಯಾವತ್ತಾದ್ರೂ ಮನಸ್ಸಿನ ತೊಂದರೆಗೆ ಡಾಕ್ಟರ ಹತ್ರ ಹೋದದ್ದುಂಟಾ?"

"ಇಲ್ಲ ಅಕ್ಕ. ಅಂಥದ್ದೆಲ್ಲ ನಮ್ಮ ಮನೆಯಲ್ಲಿ ಇಲ್ಲ."

ನಾನು ಕೇಳಿದ್ದು ಅವನ ಬಗ್ಗೆ. ಅವನು ಹೇಳಿದ್ದು ಮನೆಯ ಬಗ್ಗೆ. ಈ ವ್ಯತ್ಯಾಸವನ್ನು ಹಿಡಿಯುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನಾನು "ಇಲ್ಲ" ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದೆ.

ಇನ್ನೊಂದೂ ಇದೆ. ಮಧ್ಯೆ ನಾನು ಚಹಾ ತರಿಸಿದೆ, ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಚಹಾ. ಅವನು ಬೇಡ ಅಂದ. ನಾನು ಮತ್ತೆ ಒತ್ತಾಯಿಸಿದೆ, ಅವನು ಮತ್ತೆ ಬೇಡ ಅಂದ. ನಮ್ಮ ಕಡೆ ಮೊದಲ ಸಲಕ್ಕೇ ಹೂಂ ಅಂದರೆ ಮರ್ಯಾದೆಗೆಟ್ಟವರು; ಮೂರು ಸಲ ಒತ್ತಾಯ ಮಾಡಿಸಿಕೊಂಡು ಲೋಟಕ್ಕೆ ಕೈ ಹಾಕಬೇಕು. ಮೂರನೆಯ ಸಲವೂ ಅವನು ಬೇಡ ಅಂದು, ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡ. ಅದನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಳ ತಿರುಗಿಸಿದ. ಸೀಲು ಮುರಿದ ಸದ್ದು ಕೇಳಿದ ಮೇಲೆ, ಮುಚ್ಚಳದ ಕೆಳಗಿನ ಉಂಗುರವನ್ನು ಉಗುರಿನಿಂದ ಮುಟ್ಟಿ ನೋಡಿ, ಆಮೇಲೆ ಕುಡಿದ. ನಾನು ಕಣ್ಣಾರೆ ನೋಡಿದೆ. ಪಾಪ, ಎಷ್ಟು ಸಂಕೋಚದ ಹುಡುಗ ಅಂದುಕೊಂಡೆ. ತಿನ್ನುವುದರಲ್ಲಿ, ಕುಡಿಯುವುದರಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬ ಭಯ ಇರುವವರು ಹಾಗೆ ಮಾಡುತ್ತಾರೆಂದು ಹೊಸಬರಿಗೆ ಪಾಠ ಹೇಳುವವಳು ನಾನು. ಮಲಯಾಳಿಯೋ ನೇಪಾಳಿಯೋ ಹಾಗೆ ಮಾಡಿದ್ದರೆ ತಕ್ಷಣ ಬರೆದುಕೊಳ್ಳುತ್ತಿದ್ದೆ. ಇವನು ನಮ್ಮೂರಿನವನಲ್ಲವೇ, ಅವನು ಮಾಡಿದ್ದಕ್ಕೆಲ್ಲ ನನ್ನ ಹತ್ತಿರ ನಮ್ಮೂರಿನ ಅರ್ಥ ತಯಾರಿತ್ತು.

ಡಾಕ್ಟರು ಟಿಪ್ಪಣಿಗಳನ್ನೆಲ್ಲ ಓದಿ ಕೇಳಿದರು, "ಮನೆಯವರ ಜೊತೆ ಮಾತಾಡಬೇಡವೇ? ಹಳೆಯ ಇತಿಹಾಸ ಅವನೊಬ್ಬನ ಬಾಯಿಂದ ಮಾತ್ರ ಇದೆ." ಅದು ನಿಯಮ. ಆರೋಪಿ ಹೇಳಿದ್ದನ್ನು ಇನ್ನೊಬ್ಬರಿಂದ ಕೇಳಿ ತಾಳೆ ನೋಡಬೇಕು. ಭಾರತಕ್ಕೆ ಫೋನ್ ಮಾಡಲು ಅನುಮತಿ, ಅದಕ್ಕೊಂದು ಪತ್ರ, ಇನ್ನೆರಡು ವಾರ. ನಾನು ಅಂದೆ, "ಅಗತ್ಯವಿಲ್ಲ ಡಾಕ್ಟರ್. ಆ ಊರು ನನ್ನ ಅಂಗೈ ಇದ್ದ ಹಾಗೆ. ಅಂಥದ್ದೇನಾದರೂ ಇದ್ದಿದ್ದರೆ ನನಗೆ ಗೊತ್ತಾಗದೆ ಇರುತ್ತಿರಲಿಲ್ಲ." ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಸಹಿ ಹಾಕಿದರು.

ಕೋರ್ಟಿನಲ್ಲಿ ಎಲ್ಲವೂ ಅರಬಿಯಲ್ಲಿ. ಎತ್ತರದಲ್ಲಿ ಮೂವರು ನ್ಯಾಯಾಧೀಶರು. ನಾನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅನುವಾದಕ ಅರಬಿಗೆ ತರುತ್ತಿದ್ದ. ಮುಂದಿನ ಸಾಲಿನಲ್ಲಿ ಆ ರೂಮ್‌ಮೇಟ್ ಕಪ್ಪು ಕನ್ನಡಕ ಹಾಕಿ ಕೂತಿದ್ದ. ಆರೋಪಿಗಾಗಿ ನೇಮಿಸಿದ್ದ ವಕೀಲರು ಕೇಳಿದ್ದು ಒಂದೇ: "ಇವನಿಗೆ ಹಿಂದೆ ಮಾನಸಿಕ ಕಾಯಿಲೆ ಇತ್ತೇ?"

"ಇರಲಿಲ್ಲ" ಎಂದೆ.

ನಡುವೆ ಕೂತಿದ್ದ ನ್ಯಾಯಾಧೀಶರು ಕೇಳಿದರು, "ನಿಮಗೆ ಖಚಿತವೇ?"

"ಖಚಿತ. ನಾನು ಅವನ ಮಾತೃಭಾಷೆಯಲ್ಲೇ ಮಾತಾಡಿದ್ದೇನೆ."

ಇಷ್ಟನ್ನು ಇನ್ನೊಬ್ಬ ಅನುವಾದಕ ಹಿಂದಿಯಲ್ಲಿ ಅವನಿಗೆ ಹೇಳಿದಾಗ ಅವನು ನನ್ನ ಕಡೆ ನೋಡಿ ಸಣ್ಣದಾಗಿ ತಲೆ ಬಾಗಿಸಿದ. ಅವನ ಪರವಾಗಿ ನಿಲ್ಲಬಹುದಾಗಿದ್ದ ಒಂದೇ ಒಂದು ಮಾತನ್ನು ನಾನು ಹೊಡೆದು ಹಾಕಿದ್ದೆ, ಅವನು ನನಗೆ ಕೃತಜ್ಞತೆ ಹೇಳುತ್ತಿದ್ದ. ಆಗ ನನಗೆ ಅದು ಅರ್ಥವಾಗಲಿಲ್ಲ. ಊರಿನ ಹುಡುಗ, ಸಂಸ್ಕಾರ ಉಂಟು ಅಂದುಕೊಂಡೆ. ಆ ಮಧ್ಯಾಹ್ನ ಡಾಕ್ಟರ ಜೊತೆ ಹೋಟೆಲಿಗೆ ಹೋಗಿ ಮಟನ್ ಬಿರಿಯಾನಿ ಚೆನ್ನಾಗಿಯೇ ತಿಂದೆ. ಕೆಲವು ವಾರಗಳಲ್ಲಿ ತೀರ್ಪು ಬಂತು. ಮೂರು ವರ್ಷ ಜೈಲು, ಆಮೇಲೆ ಗಡೀಪಾರು.

ಜುಲೈಯಲ್ಲಿ ರಜೆಗೆ ಊರಿಗೆ ಹೋದೆವು. ಒಂದು ಶನಿವಾರ ಮಧ್ಯಾಹ್ನ ಅತ್ತಿಗೆಯ ಮನೆಯಲ್ಲಿದ್ದೆ. ಶಾಲೆ ಬಿಟ್ಟ ಮೇಲೆ ಒಬ್ಬಳು ಹುಡುಗಿ ಬಂದಳು. ಹತ್ತಿಯ ಸೀರೆ, ಹೆಗಲಿಗೆ ಬ್ಯಾಗು, ಬಗಲಿಗೆ ಒತ್ತಿಕೊಂಡ ಒಂದು ಪ್ಲಾಸ್ಟಿಕ್ ಫೈಲು. "ಟೀಚರ್, ಇವರ ಹತ್ರ ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದು ಅತ್ತಿಗೆಗೆ ಹೇಳಿದಳು. ಅತ್ತಿಗೆ ಅವಳಿಗೊಂದು ಲೋಟ ಶರಬತ್ತು ಕೊಟ್ಟು ಒಳಗೆ ಹೋದರು. ಹೋಗುವಾಗ ಕಿವಿಯನ್ನು ಇಲ್ಲೇ ಬಿಟ್ಟು ಹೋದರೋ ಏನೋ ಎಂದು ನಾವಿಬ್ಬರೂ ಅಂಗಳಕ್ಕೆ ಇಳಿದೆವು.

"ಅಣ್ಣ ಫೋನಲ್ಲಿ ಹೇಳಿದ್ದ ಅಕ್ಕ, ನೀವು ಬಂದಿದ್ರಿ ಅಂತ. ಒಳ್ಳೆ ಮಾಡಿ ಮಾತಾಡಿದ್ರಿ ಅಂತ."

ಇಂಥ ವಿಷಯ ನಾನು ಹೊರಗೆ ಮಾತಾಡುವ ಹಾಗಿಲ್ಲ.

"ನೀವು ಟೀಚರ್‌ನ ಜನ ಅಂತ ಗೊತ್ತಾದ ಮೇಲೆ ಅವನು ಎಂತದೂ ಹೇಳ್ಲಿಲ್ಲವಂತೆ. ಅದನ್ನೂ ಅವನೇ ಹೇಳಿದ್ದು. ದೊಡ್ಡ ಸಾಹಸ ಮಾಡಿದವನ ಹಾಗೆ." ಅವಳು ಫೈಲು ತೆರೆದಳು. "ನನಗೆ ಒಂದು ಸಂಬಂಧ ಬಂದಿತ್ತು ಅಕ್ಕ, ನಿಶ್ಚಯವೂ ಆಯ್ತು. ಹುಡುಗನ ಚಿಕ್ಕಮ್ಮ ನಮ್ಮ ಶಾಲೆಯಲ್ಲೇ ಇರುವುದು. ನಿಮಗೆ ಹೇಳಿದ್ರೆ ಟೀಚರ್‌ಗೆ ಗೊತ್ತಾಗ್ತದೆ, ಅಲ್ಲಿಂದ ಅವರಿಗೆ ಗೊತ್ತಾಗ್ತದೆ ಅಂತ ಅವನ ಲೆಕ್ಕ."

ಫೈಲಿನಲ್ಲಿ ಇದ್ದದ್ದು ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಅವನು ದೋಹಾಕ್ಕೆ ಬರುವ ಎರಡು ವರ್ಷ ಮೊದಲಿನದು. ಏಳು ವಾರ ಒಳರೋಗಿ. ಮನೆಯವರೇ ಅನ್ನದಲ್ಲಿ ವಿಷ ಹಾಕುತ್ತಿದ್ದಾರೆಂಬ ದೃಢ ನಂಬಿಕೆ, ಒಂಟಿಯಾಗಿರುವಾಗ ದನಿಗಳು ಕೇಳಿಸುವುದು. ಮಾತ್ರೆಯಿಂದ ಒಳ್ಳೆಯ ಗುಣ. ಮಾತ್ರೆ ನಿಲ್ಲಿಸಬಾರದು. ಆ ಕೊನೆಯ ಸಾಲಿನ ಕೆಳಗೆ ಆ ಆಸ್ಪತ್ರೆಯ ಡಾಕ್ಟರು ಎರಡು ಗೆರೆ ಎಳೆದಿದ್ದರು.

"ಆರು ತಿಂಗಳಿಗೆ ಆಗುವಷ್ಟು ಮಾತ್ರೆ ಕೊಂಡು ಹೋಗಿದ್ದ. ಮುಗಿದ ಮೇಲೆ ಅಲ್ಲಿ ಕೇಳ್ಲಿಕ್ಕೆ ಹೆದರಿಕೆ. ಗೊತ್ತಾದ್ರೆ ವಾಪಸ್ ಕಳಿಸ್ತಾರೆ ಅಂತ."

"ಜೈಲಿನ ವಿಷಯ ಹುಡುಗನ ಮನೆಯವರಿಗೆ ಗೊತ್ತುಂಟಾ?" ಎಂದು ಕೇಳಿದೆ.

"ಗೊತ್ತುಂಟು. ಅದಕ್ಕೆ ಅವರದ್ದು ಎಂತದೂ ಇಲ್ಲ. ಗಂಡಸರು, ರೂಮಲ್ಲಿ ಗಲಾಟೆ, ಆಗ್ತದೆ ಅಂದ್ರು. ಜೈಲು ಒಬ್ಬನಿಗೆ, ಅಕ್ಕ. ಇದು ಹಾಗಲ್ಲ. ಇದು ರಕ್ತದಲ್ಲಿ ಉಂಟು ಅಂತ ಹೇಳ್ತಾರೆ." ಅವಳು ಫೈಲು ಮುಚ್ಚಿ ನನ್ನ ಕೈಗೆ ಕೊಟ್ಟಳು. "ನೀವು ಇದನ್ನು ಕೋರ್ಟಿಗೆ ಕೊಡಿ. ಅಪೀಲು ಉಂಟಂತಲ್ಲ ಸೆಪ್ಟೆಂಬರಲ್ಲಿ. ಮದುವೆ ನಿಂತ್ರೆ ನಿಲ್ಲಲಿ. ಅವನಿಗೆ ಮದ್ದು ಸಿಗ್ಬೇಕು. ಮದ್ದಿಲ್ಲದೆ ಅವನು ಊಟ ಬಿಡ್ತಾನೆ ಅಕ್ಕ, ನಾನು ನೋಡಿದ್ದೇನೆ."

ನಾನು "ಕೊಡ್ತೇನೆ" ಎಂದೆ. ಅವಳ ಶರಬತ್ತು ಹಾಗೇ ಇತ್ತು. ಕುಡಿ ಅಂದದ್ದಕ್ಕೆ ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅಂಗಳದಲ್ಲಿ ನಿಂತು ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯ ಬೆನ್ನಿಗೇ ಇನ್ನೊಂದು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೆದರಿಕೆ. ಪ್ರಮಾಣ ಮಾಡಿ ಖಚಿತ ಅಂದವಳು ನಾನು. ನನ್ನ ಮಾತಿನ ಮೇಲೆ ಡಾಕ್ಟರು ಸಹಿ ಹಾಕಿದ್ದರು. ಈ ಕಾಗದ ಹೊರಗೆ ಬಂದರೆ ನಿಯಮ ಬಿಟ್ಟು ಊರಿನ ಪರಿಚಯದ ಮೇಲೆ ವರದಿ ಬರೆದವಳು ಎಂದು ಎಲ್ಲರಿಗೂ ತಿಳಿಯುತ್ತದೆ. ಇನ್ನು ಮೇಲೆ ಯಾರು ನನ್ನನ್ನು ಕಿವಿ ಅನ್ನುತ್ತಾರೆ? ಕೆಲಸ ಹೋದರೆ ಮಗಳ ಶಾಲೆಯ ಗತಿ ಏನು? ಅಂಗಳದಿಂದ ಒಳಗೆ ಬರುವಷ್ಟರಲ್ಲಿ ಇಷ್ಟನ್ನೂ ಯೋಚಿಸಿಯಾಗಿತ್ತು.

ಆಗಸ್ಟಿನಲ್ಲಿ ದೋಹಾಕ್ಕೆ ಮರಳಿದೆ. ಫೈಲನ್ನು ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಅಡಿ ಇಟ್ಟೆ. ಮಡಚಬಾರದಲ್ಲ ಅಂತ ಒಂದು ನೆಪ. ಮರುದಿನವೇ ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೊದಲು ಅವನ ಒಪ್ಪಿಗೆ ಕೇಳುವುದು ಧರ್ಮ ಎಂದು ನನಗೆ ನಾನೇ ಹೇಳಿಕೊಂಡೆ. ರೋಗಿಯ ಹಳೆಯ ಕಾಯಿಲೆಯ ಕಾಗದವನ್ನು ಅವನನ್ನು ಕೇಳದೆ ಕೋರ್ಟಿಗೆ ಕೊಡಬಾರದು. ನಮ್ಮ ವೃತ್ತಿಯ ನೀತಿಯಲ್ಲಿ ಹಾಗೆಯೇ ಇದೆ. ಫೋನ್ ಮಾಡುವ ನಿಯಮ ಬೇಡವಾಗಿದ್ದ ನನಗೆ ಈ ನೀತಿ ಒಮ್ಮೆಲೇ ಬಹಳ ಪವಿತ್ರವಾಯಿತು. ಭೇಟಿಗೆ ಅನುಮತಿ ಸಿಗಲು ಎರಡು ವಾರ ಹಿಡಿಯಿತು, ನಾನೂ ಅವಸರ ಮಾಡಲಿಲ್ಲ.

ಜೈಲಿನಲ್ಲಿ ಅವನನ್ನು ಕಂಡೆ. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ನಾನು ಫೈಲಿನ ವಿಷಯ ಹೇಳಿದೆ. ಅವನು ನಡುವೆಯೇ ತಡೆದ.

"ಬೇಡ ಅಕ್ಕ. ಕೋರ್ಟಿಗೆ ಕೊಡಬೇಡಿ. ಅವಳಿಗೆ ಬುದ್ಧಿ ಇಲ್ಲ. ಡಿಸೆಂಬರಲ್ಲಿ ಮದುವೆ. ನನ್ನದು ಹೇಗೂ ಮುಗೀತದೆ, ಮೂರು ವರ್ಷ ಎಂತ ದೊಡ್ಡದು."

"ಯೋಚನೆ ಮಾಡು."

"ಮಾಡಿ ಆಗಿದೆ. ನಿಮ್ಮ ಕಾಲು ಹಿಡೀತೇನೆ. ನೀವು ನಮ್ಮವರು ಅಂತ ಹೇಳ್ತಾ ಇದ್ದೇನೆ."

ನಾನು ಆಯಿತು ಅಂದೆ. ಎಷ್ಟು ಬೇಗ ಅಂದೆನೆಂದರೆ ಅವನಿಗೇ ಆಶ್ಚರ್ಯವಾದ ಹಾಗೆ ಕಂಡಿತು. ಇನ್ನೊಂದು ಸಲ ಒತ್ತಾಯ ಮಾಡುತ್ತಾರೆ ಅಂದುಕೊಂಡಿದ್ದನೋ ಏನೋ. ಹೊರಗೆ ಬಂದು ಕಾರಿನಲ್ಲಿ ಕೂತು ಎಸಿ ಹಾಕಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವನ 'ಬೇಡ' ನನಗೆ ಬೇಕಾಗಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ, ಆದರೆ ಹೊಟ್ಟೆ ತುಂಬಿದ್ದು ವೈದ್ಯನಿಗೆ.

ಕೋರ್ಟಿಗೆ ಬೇಡ ಅಂದಿದ್ದ ಅವನು. ಮದ್ದು ಬೇಡ ಅಂದಿರಲಿಲ್ಲ. ಅದನ್ನು ನಾನು ಅವನನ್ನು ಕೇಳಲೇ ಇಲ್ಲ. ಕೋರ್ಟಿಗೆ ತಿಳಿಸದೆಯೇ ಜೈಲಿನ ಡಾಕ್ಟರಿಗೆ ಒಂದು ಪತ್ರ ಬರೆಸಬಹುದಿತ್ತು. ಆದರೆ ಬರೆಸಬೇಕಾದರೆ ನಮ್ಮ ಡಾಕ್ಟರಿಗೆ ಫೈಲು ತೋರಿಸಬೇಕು. ತೋರಿಸಿದರೆ ಅವರು ನನ್ನನ್ನು ಕನ್ನಡಕದ ಮೇಲಿನಿಂದ ನೋಡುತ್ತಾರೆ. ಒಬ್ಬ ಮನುಷ್ಯ ಊಟ ಬಿಟ್ಟು ಸೊರಗುತ್ತಿದ್ದದ್ದು ಆ ಒಂದು ನೋಟಕ್ಕೆ ನಾನು ಹೆದರಿದ್ದರಿಂದ. ಶುಕ್ರವಾರ ಪಾಪನಿವೇದನೆಗೂ ಹೋದೆ. ಸಿಟ್ಟು ಮಾಡಿದೆ, ಗಂಡನ ಹತ್ತಿರ ಎರಡು ಸುಳ್ಳು ಹೇಳಿದೆ, ಅಕ್ಕಪಕ್ಕದವರ ವಿಷಯ ಮಾತಾಡಿದೆ ಎಂದೆಲ್ಲ ಹೇಳಿ, ಇದೊಂದನ್ನು ಬಿಟ್ಟು, ಜಪಮಣಿ ಹಿಡಿದುಕೊಂಡು ಬಂದೆ.

ಸೆಪ್ಟೆಂಬರಿನಲ್ಲಿ ಅಪೀಲು ವಜಾ ಆಯಿತು. ಮೂರು ವರ್ಷ ಮೂರು ವರ್ಷವೇ. ಹೋಗಲಿ, ಆ ಹುಡುಗಿಯ ಮದುವೆಯಾದರೂ ನಡೆಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇಷ್ಟರ ಮಟ್ಟಿಗೆ ನಾನು ಒಳ್ಳೆಯವಳೂ ಆಗಿಬಿಟ್ಟಿದ್ದೆ, ನನ್ನ ಲೆಕ್ಕದಲ್ಲಿ.

ನಾಲ್ಕು ದಿನದ ಮೇಲೆ, ಬೆಳಗ್ಗೆ ಮಗಳಿಗೆ ಟಿಫಿನ್ ಕಟ್ಟುತ್ತಿದ್ದಾಗ ಆ ಹುಡುಗಿಯ ಮೆಸೇಜು ಬಂತು. ಟೀಚರಲ್ಲವೇ, ಅಕ್ಷರ ತಪ್ಪಿಲ್ಲದ ಕನ್ನಡ.

"ಅಕ್ಕ, ನಮಸ್ಕಾರ. ಅಪೀಲಿನ ವಿಷಯ ವಕೀಲರು ಹೇಳಿದರು. ಶಿಕ್ಷೆ ಕಡಿಮೆಯಾಗದಿದ್ದರೂ ಪರವಾಗಿಲ್ಲ, ನೀವು ಕಾಗದ ಕೊಟ್ಟಿರಲ್ಲ, ಅಷ್ಟು ಸಾಕು. ಇನ್ನು ಹೇಗೂ ವಿಷಯ ಹೊರಗೆ ಬರುತ್ತದೆ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ ಎಂದು ಕಳೆದ ತಿಂಗಳು ನಾನೇ ಹುಡುಗನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೇಡ ಎಂದರು. ನನಗೆ ಅದರಲ್ಲಿ ದೊಡ್ಡ ಬೇಸರವಿಲ್ಲ. ಅಣ್ಣನಿಗೆ ಹೇಳಬೇಡಿ, ನೊಂದುಕೊಳ್ಳುತ್ತಾನೆ. ಒಂದೇ ಕೇಳುವುದಿತ್ತು. ಮಾತ್ರೆ ಕೊಡಲು ಶುರು ಮಾಡಿದ್ದಾರಾ?"

ಅವಳು ಮದುವೆಯನ್ನು ಬಿಟ್ಟುಕೊಟ್ಟದ್ದು ಯಾವ ಕಾಗದಕ್ಕಾಗಿಯೋ ಅದು ಪಕ್ಕದ ಕೋಣೆಯಲ್ಲಿ ನನ್ನ ಸೀರೆಗಳ ಅಡಿಯಲ್ಲಿತ್ತು. ಕೋರ್ಟಿಗೆ ಹೋಗಿದ್ದರೆ ಅವನಿಗೆ ಉಪಯೋಗವಾಗುತ್ತಿತ್ತು. ಹೋಗುವುದಿಲ್ಲವೆಂದು ಒಂದು ಮಾತು ತಿಳಿಸಿದ್ದರೆ ಅವಳಿಗೆ ಉಪಯೋಗವಾಗುತ್ತಿತ್ತು. ಇಬ್ಬರಿಗೂ ದಕ್ಕದ ಹಾಗೆ ನಾನು ಅದನ್ನು ಜೋಪಾನ ಮಾಡಿದ್ದೆ. "ಮಮ್ಮಾ, ಬಸ್ ಬಂತು" ಎಂದು ಮಗಳು ಬಾಗಿಲಲ್ಲಿ ಕರೆಯುತ್ತಿದ್ದಳು.

"ಶುರು ಮಾಡಿದ್ದಾರೆ" ಎಂದು ಟೈಪ್ ಮಾಡಿ ಕಳುಹಿಸಿದೆ.

ಹತ್ತು ಗಂಟೆಗೆ ಡಾಕ್ಟರ ಮೇಜಿನ ಮೇಲೆ ಫೈಲು ಇಟ್ಟೆ. ಅವರು ಎರಡು ಸಲ ಓದಿದರು. "ಇದು ನಿನ್ನ ಕೈಗೆ ಯಾವಾಗ ಬಂತು?" ಎಂದು ಕೇಳಿದರು.

"ಜುಲೈಯಲ್ಲಿ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಅತ್ತಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಖಾಲಿ ಹಾಳೆ ತೆಗೆದು ಜೈಲಿನ ಡಾಕ್ಟರಿಗೆ ಪತ್ರ ಬರೆಯತೊಡಗಿದರು. ಅವನ ಒಪ್ಪಿಗೆ ಕೇಳಲು ತಾವೇ ಹೋದರು, ಹಿಂದಿಯ ಒಬ್ಬ ಅನುವಾದಕನನ್ನು ಕರೆದುಕೊಂಡು, ನನ್ನನ್ನು ಕರೆಯಲಿಲ್ಲ. ಮದ್ದಿಗೆ ಅವನು ಒಪ್ಪಿದನಂತೆ, ಒಂದೇ ಸಲಕ್ಕೆ. ಒಂಬತ್ತು ದಿನದ ಮೇಲೆ ಮೊದಲ ಮಾತ್ರೆ ಕೊಟ್ಟರು. ಆಮೇಲೆ ಕೋರ್ಟಿನ ಯಾವ ವರದಿಗೂ ಅವರು ನನ್ನನ್ನು ಕೂರಿಸಿಲ್ಲ. ನಾನೂ ಕೇಳಿಲ್ಲ. ಮಕ್ಕಳ ಓದಿನ ತೊಂದರೆ, ಗಂಡಹೆಂಡಿರ ಜಗಳ, ಇಂಥದ್ದು ನೋಡುತ್ತೇನೆ.

ಅವನು ಈಗ ಊಟ ಮಾಡುತ್ತಾನಂತೆ, ಮೈ ತುಂಬಿದೆಯಂತೆ. ಅವಳು ಇನ್ನೂ ಅದೇ ಶಾಲೆಯಲ್ಲಿದ್ದಾಳೆ, ಮದುವೆಯಾಗಿಲ್ಲ. ಕ್ರಿಸ್ಮಸ್ಸಿಗೆ, ಹೊಸ ವರ್ಷಕ್ಕೆ ಅವಳಿಂದ ಮೆಸೇಜು ಬರುತ್ತದೆ: ನಿಮ್ಮಿಂದ ಅಣ್ಣ ಉಳಿದ, ದೇವರು ನಿಮಗೆ ಒಳ್ಳೆಯದು ಮಾಡಲಿ. ನಾನು ಕೈಮುಗಿದ ಒಂದು ಚಿತ್ರ ಕಳುಹಿಸುತ್ತೇನೆ. ಅವಳು ಓದುವ ಹುಡುಗಿ, ಕೈಗೆ ಸಿಕ್ಕ ಪುಸ್ತಕ ಬಿಡುವವಳಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಎಷ್ಟು ವಿವರ ಬದಲಿಸಿದರೂ ಇದು ಕಣ್ಣಿಗೆ ಬಿದ್ದರೆ ಅವಳಿಗೆ ತಿಳಿಯುತ್ತದೆ. ತಿಳಿಯಲಿ ಎಂದೇ ಬರೆದೆ, ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ನೀನು ಕೇಳಿದ ದಿನ ಅವರು ಮಾತ್ರೆ ಶುರು ಮಾಡಿರಲಿಲ್ಲ, ತಂಗೀ. ಕಾಗದ ನಾನು ಕೊಟ್ಟೇ ಇರಲಿಲ್ಲ.